3 ಕವಲು ಸಾಕೇ, 4 ಬೇಕೇ? ಕೊಂಬಿನ ನಿಯಮದಿಂದ ಜಿಂಕೆ ಹಿಂಡಿಗೆ ನಿಜಕ್ಕೂ ಆಗುವುದೇನು

ಹುಬ್ಬುಗವಲು (ಪ್ರಶ್ನೆ)

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ನಡುಭಾಗ. ಕಾಡು, ಹೊಲ ಎರಡೂ ಇರುವ ಸುಮಾರು 600 ಎಕರೆ ಜಮೀನು, 11 ಮಂದಿ ಬೇಟೆಗಾರರ ಕ್ಲಬ್ಬು. ರಾಜ್ಯದ ನಿಯಮದ ಪ್ರಕಾರ ಅಲ್ಲಿ ಬಿಳಿಬಾಲದ ಗಂಡು ಜಿಂಕೆ ಹೊಡೆಯಬೇಕಾದರೆ ಒಂದು ಬದಿಯ ಕೊಂಬಿನಲ್ಲಿ ಕನಿಷ್ಠ 3 ಕವಲು ಇರಬೇಕು. ಅರ್ಧ ಜನಕ್ಕೆ ಇದು ಸಾಲದು, ಕ್ಲಬ್ಬಿನೊಳಗೆ 4 ಕವಲು ಮಾಡೋಣ ಅನ್ನುತ್ತಾರೆ. ಉಳಿದವರದು ತದ್ವಿರುದ್ಧ ವಾದ: ಕವಲು ಕಡಿಮೆ ಇರುವುದನ್ನೆಲ್ಲ ಬಿಟ್ಟು ಚೆನ್ನಾಗಿರುವುದನ್ನೇ ಹೊಡೆದರೆ ಕೊನೆಗೆ ಉಳಿಯುವುದು ಕಳಪೆ ತಳಿ.

ಮೂರು ವಿಷಯ ತಿಳಿಯಬೇಕು. ರಾಜ್ಯ 2002ರಲ್ಲಿ ತಂದ ಈ ನಿಯಮ ಅಲ್ಲಿ ನಿಜಕ್ಕೂ ಫಲ ಕೊಟ್ಟಿದೆಯೇ? ಹಿಂಡಿನ ಒಟ್ಟು ಸಂಖ್ಯೆಯ ಮೇಲೆ ಅದರ ಪರಿಣಾಮವೇನು? ಇಷ್ಟು ಜಮೀನಿಗೆ ಸ್ವಂತ ನಿಯಮ ಮಾಡಿಕೊಳ್ಳುವುದಾದರೆ ಯಾವ ಅಳತೆ ಇಡಬೇಕು?

---

ದವಡೆಲೆಕ್ಕ

ಮೊದಲು ಒಂದು ಮಾತು ಸ್ಪಷ್ಟವಾಗಲಿ. ಕೊಂಬಿನ ನಿಯಮ ಕೊಂಬನ್ನು ದೊಡ್ಡದು ಮಾಡುವುದಿಲ್ಲ, ಗಂಡಿನ ವಯಸ್ಸನ್ನು ಹೆಚ್ಚಿಸುತ್ತದೆ. ವಯಸ್ಸಾದಂತೆ ಕೊಂಬು ತಾನಾಗಿ ದೊಡ್ಡದಾಗುತ್ತದೆ. ಒಂದೂವರೆ ವರ್ಷದ ಗಂಡಿನ ಕೊಂಬು ಅದು ಮುಂದೆ ಮುಟ್ಟಬಹುದಾದ ಗರಿಷ್ಠದ ಕಾಲು ಭಾಗ, ಹೆಚ್ಚೆಂದರೆ ಮೂರನೇ ಒಂದು ಭಾಗ. ಎರಡೂವರೆಗೆ ಸುಮಾರು 60%, ಮೂರೂವರೆಗೆ 75%, ನಾಲ್ಕೂವರೆಗೆ 90%ರ ಹತ್ತಿರ, ಐದಾರು ವರ್ಷಕ್ಕೆ ಪೂರ್ತಿ. ಅತಿ ದೊಡ್ಡ ಜಿಗಿತ ಮೊದಲ ಮತ್ತು ಎರಡನೆಯ ಕೊಂಬಿನ ನಡುವೆ ಇದೆ. ಒಂದೇ ಒಂದು ಹಂಗಾಮು ಬದುಕಿಸಿದರೆ ಕೊಂಬು ಹೆಚ್ಚುಕಡಿಮೆ ಇಮ್ಮಡಿ. ನಿಯಮದ ಲಾಭವೆಲ್ಲ ಈ ಒಂದು ಮೆಟ್ಟಿಲಲ್ಲಿದೆ.

ಈಗ ಪೆನ್ಸಿಲ್ವೇನಿಯಾ. 2002ಕ್ಕೆ ಮೊದಲು ಅಲ್ಲಿ ಹೊಡೆದ ಕೊಂಬಿನ ಜಿಂಕೆಗಳಲ್ಲಿ ಐದರಲ್ಲಿ ನಾಲ್ಕು ಒಂದೂವರೆ ವರ್ಷದವು. ಮೊದಲ ಕೊಂಬು ಮೂಡಿದ ಹಂಗಾಮಿನಲ್ಲೇ ಅವುಗಳ ಕತೆ ಮುಗಿಯುತ್ತಿತ್ತು. 2001ರಲ್ಲಿ 2 ಲಕ್ಷ ದಾಟಿದ್ದ ಗಂಡುಗಳ ಬೇಟೆ 2002ರಲ್ಲಿ 1.65 ಲಕ್ಷದ ಆಸುಪಾಸಿಗೆ ಇಳಿಯಿತು. ಮುಂದಿನ ಎರಡು ವರ್ಷವೂ ಇಳಿಕೆಯೇ. ಈಚಿನ ವರ್ಷಗಳಲ್ಲಿ ಹೊಡೆದ ಗಂಡುಗಳಲ್ಲಿ ಹತ್ತಿರ ಹತ್ತಿರ ಮೂರರಲ್ಲಿ ಎರಡು ಎರಡೂವರೆ ವರ್ಷ ಅಥವಾ ಅದಕ್ಕಿಂತ ದೊಡ್ಡವು. ಬಿಟ್ಟದ್ದು ಮುಂದಿನ ಚಳಿಗಾಲದಲ್ಲೋ ರಸ್ತೆಯಲ್ಲೋ ಸಾಯುತ್ತದೆ, ಬಿಟ್ಟು ಪ್ರಯೋಜನವೇನು ಎಂಬ ಆಕ್ಷೇಪ ಆಗ ಜೋರಾಗಿತ್ತು. ರೇಡಿಯೋ ಕಾಲರ್ ಹಾಕಿ ಹಿಂಬಾಲಿಸಿದಾಗ ಅದು ನಿಜವಲ್ಲ ಎಂದು ತಿಳಿಯಿತು. ಆ ಪ್ರಾಯದ ಗಂಡನ್ನು ಕೊಲ್ಲುವುದರಲ್ಲಿ ಬೇಟೆಗೇ ಮೊದಲ ಸ್ಥಾನ, ಉಳಿದ ಕಾರಣಗಳೆಲ್ಲ ಅದರ ಹಿಂದೆ.

ಹಿಂಡಿನ ಸಂಖ್ಯೆಯ ವಿಷಯಕ್ಕೆ ಬಂದರೆ, ಜನ ಎಡವುವುದು ಇಲ್ಲೇ. 2002ರಲ್ಲಿಯೇ ಹೆಣ್ಣು ಮತ್ತು ಮರಿಗಳ ಬೇಟೆ ಮೂರೂವರೆ ಲಕ್ಷ ಮುಟ್ಟಿತ್ತು. ಪರವಾನಗಿ ಹೆಚ್ಚಿಸಿದ್ದರು, ಗಂಡು-ಹೆಣ್ಣು ಎರಡಕ್ಕೂ ಒಂದೇ ಹಂಗಾಮು ಮಾಡಿದ್ದರು. ಅದಾದ ಮೇಲೆ ಕಾಡಿನಲ್ಲಿ ಜಿಂಕೆ ಕಡಿಮೆ ಕಂಡವು. ಬೈಗುಳ ಮಾತ್ರ ಕೊಂಬಿನ ನಿಯಮಕ್ಕೆ ಬಿತ್ತು. ಎರಡೂ ಒಟ್ಟಿಗೇ ಬಂದದ್ದರಿಂದ ಜನರ ಮನಸ್ಸಿನಲ್ಲಿ ಇವತ್ತಿಗೂ ಬೇರೆಯಾಗಿಲ್ಲ. ಒಂದು ಗಂಡು ಹಲವು ಹೆಣ್ಣುಗಳಿಗೆ ಸಾಕಾಗುವಾಗ ಮರಿಗಳ ಸಂಖ್ಯೆ ಹೆಣ್ಣಿನ ಲೆಕ್ಕಕ್ಕೇ ಅಂಟಿಕೊಂಡಿರುತ್ತದೆ. 4 ಕವಲು ಮಾಡಿದರೂ 8 ಮಾಡಿದರೂ ಹೆಣ್ಣಿನ ಬೇಟೆ ಬದಲಾಗದಿದ್ದರೆ ಹಿಂಡು ಹಾಗೇ ಇರುತ್ತದೆ.

---

ಕಾಡಂಚು

ಮೇಲಿನವರು ಹೇಳಿದ್ದು ಸರಿ. ಆದರೆ ಕವಲು ಎಣಿಸುವ ನಿಯಮ ಎಲ್ಲ ಕಡೆ ಹೀಗೆ ಸಲೀಸಾಗಿ ನಡೆದಿಲ್ಲ. ಮಿಸಿಸಿಪಿಯನ್ನೂ ಓದಿಕೊಳ್ಳಿ.

ಅಲ್ಲಿ 1995ರಲ್ಲಿ ರಾಜ್ಯಕ್ಕೆಲ್ಲ ಒಂದೇ ನಿಯಮ ಬಂತು: ಎರಡೂ ಬದಿ ಸೇರಿ 4 ಕವಲು. ಉದ್ದೇಶ ಒಂದೂವರೆ ವರ್ಷದ ಗಂಡನ್ನು ಉಳಿಸುವುದು. ಆದರೆ ಆ ರಾಜ್ಯದಲ್ಲಿ ಮಣ್ಣು ಒಂದೇ ಥರ ಇಲ್ಲ. ಮಿಸಿಸಿಪಿ ನದಿಯ ಬದಿಯ ಡೆಲ್ಟಾ ಎಂಬ ಫಲವತ್ತಾದ ನೆಲದಲ್ಲಿ ಒಂದೂವರೆ ವರ್ಷಕ್ಕೇ 6, 8 ಕವಲು ಬರುವ ಗಂಡುಗಳಿವೆ. ಅವು ಕಾನೂನಿನ ಕಣ್ಣಿನಲ್ಲಿ 'ದೊಡ್ಡವು', ಹೋದವು. ಅದೇ ವರ್ಷ ಹುಟ್ಟಿದ, ಬರೀ ಕಡ್ಡಿಯಂಥ ಕೊಂಬಿನವು ಉಳಿದವು. ಒಂದೇ ವರ್ಷ ಹುಟ್ಟಿದ ಗುಂಪಿನಲ್ಲಿ ಮುಂದಿದ್ದವನ್ನು ತೆಗೆದು ಹಿಂದಿದ್ದವನ್ನು ಉಳಿಸಿದರೆ, ಎರಡು ವರ್ಷದ ನಂತರ ಆ ಗುಂಪಿನ ಸರಾಸರಿ ಕೊಂಬು ಚಿಕ್ಕದಾಗಿಯೇ ಕಾಣುತ್ತದೆ. ಮಿಸಿಸಿಪಿ ಸ್ಟೇಟ್ ವಿಶ್ವವಿದ್ಯಾಲಯದವರು ದಾಖಲೆ ತೆಗೆದು ನೋಡಿದಾಗ ಎರಡೂವರೆ, ಮೂರೂವರೆ ವರ್ಷದವುಗಳಲ್ಲಿ ಕಂಡದ್ದು ಇದೇ. ಆಮೇಲೆ ಕವಲಿನ ಲೆಕ್ಕ ಬಿಟ್ಟು, ಎರಡು ಕೊಂಬುಗಳ ಒಳ ಅಂತರ ಅಥವಾ ಕೊಂಬಿನ ಕಾಂಡದ ಉದ್ದ, ಇವೆರಡರಲ್ಲಿ ಒಂದು ಸಾಲಬೇಕು ಎಂಬ ನಿಯಮಕ್ಕೆ ಹೋದರು. ಡೆಲ್ಟಾಕ್ಕೆ ಅಳತೆಯನ್ನೇ ಬೇರೆ, ದೊಡ್ಡದಾಗಿ ಇಟ್ಟರು.

ಟೆಕ್ಸಾಸ್ ಮೊದಲೇ ಅಂತರದ ದಾರಿ ಹಿಡಿದಿತ್ತು. 2002ರಲ್ಲಿ 6 ಕೌಂಟಿಗಳಲ್ಲಿ (ನಮ್ಮ ಜಿಲ್ಲೆಗಳಂತೆ) ಪ್ರಯೋಗ: ಒಳ ಅಂತರ 13 ಇಂಚು ಅಥವಾ ಹೆಚ್ಚು ಇದ್ದರೆ ಹೊಡೆಯಬಹುದು, ಇಲ್ಲವೇ ಕನಿಷ್ಠ ಒಂದು ಕೊಂಬು ಕವಲೊಡೆಯದೆ ಕಡ್ಡಿಯಂತಿದ್ದರೆ ಹೊಡೆಯಬಹುದು. ಈಗ ಅದು ನೂರಕ್ಕೂ ಹೆಚ್ಚು ಕೌಂಟಿಗಳಲ್ಲಿದೆ. ಇದರ ಜಾಣತನ ಗಮನಿಸಿ: ಎಳೆ ಗುಂಪಿನ ನಡುವಿನವೂ ಮುಂದಿನವೂ ರಕ್ಷಣೆಗೆ ಒಳಪಡುತ್ತವೆ, ಕೆಳಗಿನ ತುದಿಯವು ಬೇಟೆಗೆ ಸಿಗುತ್ತವೆ. ಮಿಸಿಸಿಪಿಯ ತಪ್ಪಿಗೆ ತದ್ವಿರುದ್ಧ. ಕಿವಿ ನೆಟ್ಟಗೆ ನಿಮಿರಿದ ಗಂಡಿನ ಎರಡು ಕಿವಿತುದಿಗಳ ನಡುವೆ ಆ ಭಾಗದಲ್ಲಿ ಸರಿಸುಮಾರು ಅಷ್ಟೇ ಅಗಲ ಇರುವುದರಿಂದ ಕಾಡಿನಲ್ಲಿ ನೋಡಿಯೇ ಅಂದಾಜಿಸಬಹುದು.

ನಿಮ್ಮ 4 ಕವಲಿಗೆ ಬರುತ್ತೇನೆ. ಹೊಲದ ಜೋಳ, ಸೋಯಾ ತಿಂದು ಬೆಳೆದ ಒಂದೂವರೆ ವರ್ಷದ ಗಂಡಿಗೆ ಒಂದು ಬದಿ 4 ಕವಲು ಅಪರೂಪವೇನಲ್ಲ. ಇನ್ನೊಂದು ಕಡೆ, ನಾಲ್ಕೂವರೆ ವರ್ಷವಾದರೂ ಬದಿಗೆ 3ಕ್ಕಿಂತ ಹೆಚ್ಚು ಕವಲು ಬಿಡದ ಗಂಡುಗಳೂ ಇವೆ. 4 ಕವಲಿನ ನಿಯಮ ಮೊದಲನೆಯದನ್ನು ಹೊಡೆಸಿ ಎರಡನೆಯದನ್ನು ಜೀವಮಾನವಿಡೀ ಕಾಯುತ್ತದೆ. ಕವಲಿಗಿಂತ ಅಂತರ ಮೇಲು. ಉತ್ತರದ ದೊಡ್ಡ ಮೈಕಟ್ಟಿನ ಜಿಂಕೆಗಳಲ್ಲಿ ಕಿವಿಯಿಂದ ಕಿವಿಗೆ ಸುಮಾರು 16 ಇಂಚು. ಕೊಂಬು ಕಿವಿತುದಿಯ ಹೊರಗೆ ಕಂಡರೆ ಅದು ಒಂದೂವರೆ ವರ್ಷದ್ದಾಗಿರುವ ಸಾಧ್ಯತೆ ತೀರಾ ಕಡಿಮೆ. ರಾಜ್ಯದ 3 ಕವಲು ಹೇಗೂ ಕಡ್ಡಾಯ, ಅದರ ಮೇಲೆ ಇದನ್ನು ಇಟ್ಟುಕೊಳ್ಳಿ.

---

ಹುಬ್ಬುಗವಲು

ಮಿಸಿಸಿಪಿಯ ವಿಷಯ ಗೊತ್ತಿರಲಿಲ್ಲ, ಥ್ಯಾಂಕ್ಸ್. ಹಾಗಾದರೆ ತಳಿ ಕೆಡುತ್ತದೆ ಅನ್ನುವವರ ಮಾತೇ ನಿಜವಾಯಿತಲ್ಲ?

---

ಸೋಸಿನೋಡು

ಇಲ್ಲ, ಅದು ಬೇರೆ, ಇದು ಬೇರೆ. ಮಿಸಿಸಿಪಿಯಲ್ಲಿ ಬದಲಾದದ್ದು ಯಾವ ಗಂಡುಗಳು ಉಳಿದವು ಎಂಬುದು. ವಂಶವಾಹಿ ಬದಲಾಯಿತು ಅನ್ನಬೇಕಾದರೆ ಅವುಗಳ ಮಕ್ಕಳ ಕೊಂಬೂ ಚಿಕ್ಕದಾಗಬೇಕು. ಕಾಡಿನ ಹಿಂಡಿನಲ್ಲಿ ಅದು ಸುಲಭಕ್ಕೆ ಆಗುವ ಕೆಲಸವಲ್ಲ, ಕಾರಣಗಳು ಹಲವು.

ಅರ್ಧ ವಂಶವಾಹಿ ತಾಯಿಯದು, ತಾಯಿಗೆ ಕೊಂಬೇ ಇಲ್ಲ. ಆರಿಸುವುದಾದರೂ ಏನನ್ನು ನೋಡಿ? ಇನ್ನು ತಂದೆಯ ಕಡೆ: ಒಂದು ದೊಡ್ಡ ಗಂಡು ಇಡೀ ಹಿಂಡಿಗೆ ತಂದೆಯಾಗುತ್ತದೆ ಎಂಬುದು ಬರೀ ಕಲ್ಪನೆ. ಮರಿಗಳ ಡಿಎನ್‌ಎ ಪರೀಕ್ಷೆ ಮಾಡಿದಾಗ, ಪ್ರಾಯದ ಗಂಡುಗಳು ಧಾರಾಳವಾಗಿದ್ದ ಹಿಂಡುಗಳಲ್ಲೂ ಸುಮಾರು ಮೂರನೇ ಒಂದು ಭಾಗ ಮರಿಗಳ ತಂದೆ ಒಂದೂವರೆ ಅಥವಾ ಎರಡೂವರೆ ವರ್ಷದವು. ಅವಳಿ ಮರಿಗಳಿಗೆ ಬೇರೆ ಬೇರೆ ತಂದೆ ಇರುವುದೂ ಅಪರೂಪವಲ್ಲ. ನೀವು ಹೊಡೆಯುವ ಹೊತ್ತಿಗೆ ಆ ಗಂಡು ಬೆದೆಯ ಕಾಲದಲ್ಲಿ ತನ್ನ ಕೆಲಸ ಮುಗಿಸಿಯೂ ಇರಬಹುದು. ಜೊತೆಗೆ ಒಂದು ವರ್ಷ ದಾಟಿದ ಗಂಡುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹುಟ್ಟಿದ ಜಾಗ ಬಿಟ್ಟು ಕೆಲವು ಮೈಲಿ ಆಚೆ ಹೋಗಿ ನೆಲೆಸುತ್ತವೆ. ನಿಮ್ಮ ಜಮೀನಿನಲ್ಲಿ ತಿರುಗುವ ದೊಡ್ಡ ಗಂಡು ನಿಮ್ಮಲ್ಲಿ ಹುಟ್ಟಿದ್ದಾಗಿರಲಿಕ್ಕಿಲ್ಲ.

ದಕ್ಷಿಣ ಟೆಕ್ಸಾಸ್‌ನ ಕೊಮಾಂಚೆ ರಾಂಚ್‌ನಲ್ಲಿ ಉಲ್ಟಾ ಪ್ರಯೋಗವನ್ನೇ ಮಾಡಿದರು. ಹೆಲಿಕಾಪ್ಟರ್‌ನಿಂದ ಬಲೆ ಹಾಕಿ ಹಿಡಿದು, ವಯಸ್ಸಿಗೆ ತಕ್ಕ ಕೊಂಬಿಲ್ಲದವನ್ನು ವರ್ಷ ವರ್ಷ ತೆಗೆದುಹಾಕಿದರು. ಅಷ್ಟು ಬಿರುಸಾಗಿ ಆರಿಸಿದರೂ ಕೊಂಬಿನ ಗುಣದಲ್ಲಿ ಏರಿಕೆ ಕಾಣಲಿಲ್ಲ. ಗಂಡುಗಳ ಸಂಖ್ಯೆ ಮಾತ್ರ ಸೊರಗಿತು. ಹೆಲಿಕಾಪ್ಟರ್‌ಗೆ ಆಗದ್ದು 11 ಜನರ ಬಂದೂಕಿಗೆ ಆಗುತ್ತದೆ ಎಂದು ಹೆದರಬೇಕಿಲ್ಲ. ಕೆಡಿಸುವುದಕ್ಕೂ ಅಷ್ಟೇ, ಸುಧಾರಿಸುವುದಕ್ಕೂ ಅಷ್ಟೇ.

ಕಡ್ಡಿಗೊಂಬಿನ ಗಂಡು ಎಂದರೆ ಕೀಳು ತಳಿ ಎಂಬ ಮಾತಿಗೂ ಆಧಾರ ತೆಳು. ತಡವಾಗಿ ಹುಟ್ಟಿದ್ದು, ಮೊದಲ ಹೆರಿಗೆಯ ತಾಯಿಯದು, ಮೇವಿಲ್ಲದ ವರ್ಷದ್ದು, ಇವೆಲ್ಲ ಮೊದಲ ಕೊಂಬನ್ನು ಕಡ್ಡಿಯಾಗಿಸುತ್ತವೆ. ಟೆಕ್ಸಾಸ್‌ನ ಕೆರ್ ವನ್ಯಜೀವಿ ಕ್ಷೇತ್ರದಲ್ಲಿ ಬೇಲಿಯೊಳಗೆ ಸಾಕಿದ ಜಿಂಕೆಗಳಿಗೆ 8% ಮತ್ತು 16% ಪ್ರೋಟೀನಿನ ಮೇವು ಕೊಟ್ಟು ನೋಡಿದ್ದಾರೆ. ಮೇವಿನ ವ್ಯತ್ಯಾಸ ಕೊಂಬಿನಲ್ಲೂ ಮೈತೂಕದಲ್ಲೂ ಎದ್ದು ಕಂಡಿತು. ಅವರು ವಂಶವಾಹಿಗೂ ಪಾತ್ರವಿದೆ ಅನ್ನುತ್ತಾರೆ, ನಿಜ. ಆದರೆ ಅದು ಯಾವ ಗಂಡು ಯಾವ ಹೆಣ್ಣಿಗೆ ಎಂದು ಮನುಷ್ಯರೇ ನಿರ್ಧರಿಸಿದ ದೊಡ್ಡಿಯಲ್ಲಿ.

---

ಒಂದೇಚೀಟಿ

600 ಎಕರೆ ಅಂದರೆ ಒಂದು ಚದರ ಮೈಲಿಗಿಂತ ಸ್ವಲ್ಪ ಕಡಿಮೆ. ಪ್ರಾಯದ ಗಂಡೊಂದರ ಓಡಾಟದ ವ್ಯಾಪ್ತಿಯೇ ಅಷ್ಟಿರುತ್ತದೆ, ಬೆದೆಗಾಲದಲ್ಲಿ ಇನ್ನೂ ಹೆಚ್ಚು. ನೀವು ಬಿಟ್ಟದ್ದು ಬೇಲಿಯಾಚೆ ಪಕ್ಕದವರ ಪಾಲು. ರಾಜ್ಯದ ನಿಯಮ ಫಲ ಕೊಟ್ಟದ್ದೇ ಎಲ್ಲರಿಗೂ ಏಕಕಾಲಕ್ಕೆ ಅನ್ವಯಿಸಿದ್ದರಿಂದ. ಸುತ್ತಲಿನ ನಾಲ್ಕೈದು ಜಮೀನಿನವರು ಒಪ್ಪದೆ ಕ್ಲಬ್ ನಿಯಮ ಮಾಡುವುದು ನನ್ನ ಲೆಕ್ಕದಲ್ಲಿ ಕಾಗದದ ಖರ್ಚು.

ಅದಿರಲಿ, ಕವಲೋ ಅಂತರವೋ ಎಂದು ಜಗಳವಾಡುವ ಮುಂಚೆ ಈ ಲೆಕ್ಕ ನೋಡಿ. ಪೆನ್ಸಿಲ್ವೇನಿಯಾದಲ್ಲಿ ಒಬ್ಬರಿಗೆ ವರ್ಷಕ್ಕೆ ಒಂದೇ ಕೊಂಬಿನ ಜಿಂಕೆ. 11 ಜನ ಎಂದರೆ 11 ಗಂಡು. ಒಂದು ಚದರ ಮೈಲಿಯಲ್ಲಿ ನಿಯಮಕ್ಕೆ ಒಪ್ಪುವ ಗಂಡು ಅಷ್ಟು ಇರುವುದೇ ಕಷ್ಟ. ಅಳತೆ ಏನೇ ಇಡಿ, ಎಲ್ಲರೂ ತಮ್ಮ ಚೀಟಿ (ಒಂದು ಜಿಂಕೆ ಹೊಡೆಯುವ ಪರವಾನಗಿ) ಬಳಸಿದರೆ ಅಳತೆ ದಾಟಿದ್ದೆಲ್ಲ ಆ ವರ್ಷವೇ ಖಾಲಿ. ಮ್ಯೂಲ್ ಡಿಯರ್ (ಬಿಳಿಬಾಲಕ್ಕೆ ಹತ್ತಿರದ ಇನ್ನೊಂದು ಜಿಂಕೆ ಜಾತಿ) ಇರುವ ಪಶ್ಚಿಮದ ರಾಜ್ಯಗಳು 4 ಕವಲಿನ ನಿಯಮ ತಂದು ಬಹುತೇಕ ಕೈಬಿಟ್ಟದ್ದು ಹೀಗೇ. ಬೇಟೆಯ ಒತ್ತಡವೆಲ್ಲ ದೊಡ್ಡ ಗಂಡುಗಳ ಮೇಲೆ ಬಿತ್ತು, ತಪ್ಪಾಗಿ ಹೊಡೆದ ಚಿಕ್ಕವು ಕಾಡಿನಲ್ಲೇ ಕೊಳೆತವು. ಅಲ್ಲಿ ಗಂಡುಗಳನ್ನು ನಿಜಕ್ಕೂ ಹೆಚ್ಚಿಸಿದ್ದು ಪರವಾನಗಿ ಸಂಖ್ಯೆಯ ಮಿತಿ. ನೀವೂ ಇಡೀ ಜಮೀನಿಗೆ ವರ್ಷಕ್ಕೆ 3 ಗಂಡು ಎಂದು ಮಿತಿ ಹಾಕಿ, ಹೆಣ್ಣಿಗೆ ಚೀಟಿ ಧಾರಾಳ ಕೊಡಿ.

---

ದವಡೆಲೆಕ್ಕ

ಕಾಗದದ ಖರ್ಚು ಅನ್ನುವಷ್ಟಲ್ಲ. ವಲಸೆ ಹೋಗುವುದು ಹೆಚ್ಚಾಗಿ ಒಂದೂವರೆ ವರ್ಷದೊಳಗೆ. ಒಮ್ಮೆ ನೆಲೆ ನಿಂತ ಗಂಡು ಸಾಮಾನ್ಯವಾಗಿ ಆ ಸುತ್ತಿನಲ್ಲೇ ಇರುತ್ತದೆ. ನಿಮ್ಮ ಜಮೀನಿನಲ್ಲಿ ಯಾರೂ ಕಾಲಿಡದ ದಟ್ಟ ಪೊದೆಯ ಜಾಗ ಇದ್ದರೆ ಹಗಲೆಲ್ಲ ಅಲ್ಲೇ ಮಲಗುತ್ತದೆ. ಹೊರಗಿನವರ ಗುಂಡಿಗೆ ಸಿಗುವುದು ಬೆದೆಯ ಎರಡು ಮೂರು ವಾರ. ಆದರೂ ಜಮೀನಿಗೆ ಇಷ್ಟೇ ಗಂಡು ಎಂಬ ಸಲಹೆ ನನಗೂ ಒಪ್ಪಿಗೆ. ಕವಲಿಗಿಂತ, ಅಂತರಕ್ಕಿಂತ ಅದೇ ಗಟ್ಟಿ.

ಮಿತಿ ಹಾಕಬೇಕಾದರೆ ಎಷ್ಟಿವೆ ಎಂದು ತಿಳಿಯಬೇಕು. ಕ್ಯಾಮೆರಾ ಎಣಿಕೆ ಹೀಗೆ: 100 ಎಕರೆಗೆ ಒಂದರಂತೆ 6 ಕ್ಯಾಮೆರಾ. ಕೊಂಬು ಬೆಳೆದು ಮುಗಿದು, ಹಂಗಾಮು ಶುರುವಾಗುವ ಮೊದಲು, ಅಂದರೆ ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್. 10ರಿಂದ 14 ದಿನ ನಡೆಸಿ. ಪ್ರತಿ ಫೋಟೋದಲ್ಲಿರುವ ಗಂಡು, ಹೆಣ್ಣು, ಮರಿ ಎಣಿಸಿ, ಒಂದೇ ಜಿಂಕೆ ಮತ್ತೆ ಮತ್ತೆ ಬಂದರೂ ಎಣಿಸಿ. ಆಮೇಲೆ ಕೊಂಬಿನ ಆಕಾರ ನೋಡಿ ಬೇರೆ ಬೇರೆ ಗಂಡುಗಳು ಎಷ್ಟು ಎಂದು ಗುರುತಿಸಿ. ಉದಾಹರಣೆಗೆ ಗಂಡಿನ ಎಣಿಕೆ 180, ಗುರುತಿಸಿದ ಗಂಡು 9 ಆದರೆ 9ನ್ನು 180ರಿಂದ ಭಾಗಿಸಿ: 0.05. ಹೆಣ್ಣಿನ ಎಣಿಕೆ 400 ಇದ್ದರೆ 400 × 0.05 = 20 ಹೆಣ್ಣು. ಮರಿ 240 ಇದ್ದರೆ 12. ಒಂದು ಗಂಡಿಗೆ ಎರಡಕ್ಕಿಂತ ಸ್ವಲ್ಪ ಹೆಚ್ಚು ಹೆಣ್ಣು ಎಂದಾಯಿತು.

ಎಡವಟ್ಟಾಗುವುದು ಎರಡು ಕಡೆ. ಈ ವಿಧಾನ ಮೇವು ಹಾಕಿ ಸೆಳೆಯುವುದನ್ನು ಅವಲಂಬಿಸಿದೆ. ಪೆನ್ಸಿಲ್ವೇನಿಯಾದ ರೋಗ ನಿರ್ವಹಣಾ ವಲಯದಲ್ಲಿ (ಜಿಂಕೆಗಳ ಕಾಯಿಲೆ ತಡೆಯಲು ರಾಜ್ಯ ಗುರುತಿಸಿದ ಪ್ರದೇಶ) ಮೇವು ಹಾಕುವುದೇ ನಿಷಿದ್ಧ. ಅಲ್ಲಿ ಜಾಡಿನ ಮೇಲಷ್ಟೇ ಕ್ಯಾಮೆರಾ ಇಡಬೇಕು, ಸಂಖ್ಯೆ ಅಷ್ಟು ನಿಖರವಾಗಿರುವುದಿಲ್ಲ, ವರ್ಷದಿಂದ ವರ್ಷಕ್ಕೆ ಹೋಲಿಸಲು ಮಾತ್ರ ಬಳಸಿ. ಇನ್ನೊಂದು, ಕಡ್ಡಿಗೊಂಬಿನವು ಎಲ್ಲ ಒಂದೇ ಥರ ಕಾಣುವುದರಿಂದ ಐದನ್ನು ಎರಡು ಎಂದು ಬರೆಯುವುದು. ಹಾಗಾದರೆ ಭಾಗಲಬ್ಧ ಇಳಿಯುತ್ತದೆ, ಅದರ ಜೊತೆ ಹೆಣ್ಣಿನ ಲೆಕ್ಕವೂ ಇಳಿಯುತ್ತದೆ.

---

ಕಾಡಂಚು

ಕಾಡಿನಲ್ಲಿ ಎಣಿಸುವ ಬಗ್ಗೆ ಎರಡು ಮಾತು, ತಪ್ಪು ಗುಂಡು ಬೀಳುವುದು ಇಲ್ಲಿಯೇ.

ಪೆನ್ಸಿಲ್ವೇನಿಯಾದಲ್ಲಿ ಕವಲು ಅಂದರೆ ಬುಡದಿಂದ ತುದಿಗೆ ಕನಿಷ್ಠ 1 ಇಂಚು. ಕೊಂಬಿನ ಕಾಂಡದ ತುದಿ ಎಷ್ಟೇ ಗಿಡ್ಡವಾದರೂ ಒಂದು ಕವಲು ಎಂದೇ ಲೆಕ್ಕ. ಹಾಗಾಗಿ ಹುಬ್ಬುಗವಲು (ಬುಡದ ಹತ್ತಿರ, ಹುಬ್ಬಿನ ಮೇಲೆ ಏಳುವ ಮೊದಲ ಕವಲು), ನಡುವೆ ಒಂದು, ಕಾಂಡದ ತುದಿ ಇದ್ದರೆ 3 ಮುಗಿಯಿತು. ರಾಜ್ಯದ ಪಶ್ಚಿಮ ಭಾಗದ ವನ್ಯಜೀವಿ ನಿರ್ವಹಣಾ ಘಟಕಗಳಲ್ಲಿ ಮೊದಲು 4 ಇತ್ತು. ಮಂದ ಬೆಳಕಿನಲ್ಲಿ, ಪೊದೆಯ ಹಿಂದೆ ಹುಬ್ಬುಗವಲು ಕಾಣುವುದೇ ಇಲ್ಲ ಎಂಬ ದೂರಿನಿಂದ 2011ರಲ್ಲಿ ಅದನ್ನು 'ಹುಬ್ಬುಗವಲು ಬಿಟ್ಟು 3' ಎಂದು ಬದಲಿಸಿದರು. ಒಳ್ಳೆಯ ಬದಲಾವಣೆ. ಹದಿನಾರರೊಳಗಿನ ಕಿರಿಯರಿಗೆ ನಿಯಮ ಸಡಿಲ, ನಿಮ್ಮ ಕ್ಲಬ್ಬಿನಲ್ಲೂ ಅವರ ಮೇಲೆ 16 ಇಂಚು ಹೇರಬೇಡಿ.

ಎಣಿಸುವುದು ದುರ್ಬೀನಿನಲ್ಲಿ, ಬಂದೂಕಿನ ಸ್ಕೋಪಿನಲ್ಲಲ್ಲ. ಪಕ್ಕದಿಂದ ನೋಡಿದರೆ ಎರಡೂ ಬದಿಯ ಕವಲು ಒಂದರ ಮೇಲೊಂದು ಬಿದ್ದು 2 ಕವಲಿನದು 3ರಂತೆ ಕಾಣುತ್ತದೆ. ತಲೆ ತಿರುಗಿಸುವ ತನಕ ಕಾಯಿರಿ. ಅಂತರ ಅಳೆಯುವುದು ಎದುರಿನಿಂದ ಅಥವಾ ನೇರ ಹಿಂದಿನಿಂದ, ಕಿವಿ ನಿಮಿರಿದಾಗ. ಹಿಂದಕ್ಕೆ ಮಡಚಿದ ಕಿವಿಗೆ ಹೋಲಿಸಿದರೆ ಎಲ್ಲ ಕೊಂಬೂ ಅಗಲವೇ. ಕೊಂಬು ಬಿಟ್ಟು ಮೈಯನ್ನೂ ನೋಡಿ: ಸಣ್ಣ ಕತ್ತು, ಉದ್ದ ಕಾಲು, ಎಳಕಲು ಸೊಂಟ, ಹೆಣ್ಣಿನ ತಲೆಗೆ ಕೊಂಬು ಸಿಕ್ಕಿಸಿದಂತಿದ್ದರೆ ಅದು ಒಂದೂವರೆ ವರ್ಷದ್ದು, ಎಷ್ಟು ಕವಲಿದ್ದರೂ ಬಿಡಿ. ಎದೆ ಹಿಂಭಾಗಕ್ಕಿಂತ ಆಳವಾಗಿ, ಬೆದೆಗೆ ಕತ್ತು ಊದಿ, ಸೊಂಟ ಮಾತ್ರ ಇನ್ನೂ ಬಿಗಿಯಾಗಿದ್ದರೆ ಮೂರೂವರೆಯ ಸುತ್ತ.

ತಪ್ಪಿ ಹೊಡೆದರೆ ಮುಚ್ಚಿಟ್ಟು ಹೋಗಬೇಡಿ, ಕೂಡಲೇ ಅಧಿಕಾರಿಗೆ ತಿಳಿಸಿ. ಕ್ಲಬ್ಬಿನ ಒಳನಿಯಮ ತಪ್ಪಿದವರಿಗೆ ಭಾರಿ ದಂಡ ಹಾಕಿದರೆ ಆಗುವುದು ಒಂದೇ: ಮಾಂಸ ಕಾಡಿನಲ್ಲಿ, ಲೆಕ್ಕ ಪುಸ್ತಕದಿಂದ ಹೊರಗೆ.

---

ಸೋಸಿನೋಡು

ಯಾರೂ ಎತ್ತದ ವಿಷಯ, ಸಿಡಬ್ಲ್ಯುಡಿ (ಕ್ರಾನಿಕ್ ವೇಸ್ಟಿಂಗ್ ಡಿಸೀಸ್). ಮಿದುಳನ್ನು ತಿನ್ನುವ, ಮದ್ದಿಲ್ಲದ ಈ ಕಾಯಿಲೆ ಪೆನ್ಸಿಲ್ವೇನಿಯಾದಲ್ಲಿ 2012ರಲ್ಲಿ ಮೊದಲು ಸಾಕಿದ ಜಿಂಕೆಯಲ್ಲಿ, ಮರುವರ್ಷವೇ ಕಾಡಿನವುಗಳಲ್ಲಿ ಪತ್ತೆಯಾಯಿತು. ಪ್ರಾಯದ ಗಂಡುಗಳಲ್ಲಿ ಸೋಂಕು ಹೆಣ್ಣುಗಳಿಗಿಂತ ಹೆಚ್ಚು, ಎಳೆಯವುಗಳಿಗಿಂತಲೂ ಹೆಚ್ಚು. ಬೆದೆಯಲ್ಲಿ ದೂರ ಅಲೆಯುವುದೂ ಅವೇ. ಕೊಂಬಿನ ನಿಯಮ ಮಾಡುವುದು ಅಂಥ ಗಂಡುಗಳ ಸಂಖ್ಯೆ ಹೆಚ್ಚಿಸುವ ಕೆಲಸವನ್ನೇ. ಮಿಸ್ಸೌರಿ ತನ್ನ ಸಿಡಬ್ಲ್ಯುಡಿ ಕೌಂಟಿಗಳಲ್ಲಿ ಕವಲಿನ ನಿಯಮ ತೆಗೆದುಹಾಕಿದ್ದು ಇದಕ್ಕೇ. ನಿಮ್ಮ ಜಮೀನು ರೋಗ ನಿರ್ವಹಣಾ ವಲಯದೊಳಗಿದ್ದರೆ ಈ ಚರ್ಚೆಯೇ ಬೇಡ: ರಾಜ್ಯದ ನಿಯಮಕ್ಕಿಂತ ಬಿಗಿ ಮಾಡಬೇಡಿ, ಹೊಡೆದ ಪ್ರತಿಯೊಂದರ ತಲೆಯನ್ನೂ ಪರೀಕ್ಷೆಗೆ ಕೊಡಿ, ಮಿದುಳು ಮತ್ತು ಬೆನ್ನುಮೂಳೆಯನ್ನು ವಲಯದಿಂದ ಆಚೆ ಸಾಗಿಸಬೇಡಿ.

---

ಹುಬ್ಬುಗವಲು

ವಲಯದ ಹೊರಗಿದೆ, ಗಡಿ ದೂರವೇನಿಲ್ಲ. ಸದ್ಯಕ್ಕೆ ಹೀಗೆ ಯೋಚಿಸುತ್ತಿದ್ದೇವೆ: ರಾಜ್ಯದ 3 ಕವಲು, ಅದರ ಮೇಲೆ ಹಿರಿಯರಿಗೆ ಕಿವಿ ದಾಟಿದ ಅಂತರ, ಜಮೀನಿಗೆ ವರ್ಷಕ್ಕೆ 3 ಗಂಡು. ವಯಸ್ಸು ಸರಿಯಾಗಿ ಆರಿಸಿದ್ದೇವೆಯೇ ಎಂದು ಹೊಡೆದ ಮೇಲೆ ತಿಳಿಯುವುದು ಹೇಗೆ?

---

ದವಡೆಲೆಕ್ಕ

ಕೆಳದವಡೆ ತೆಗೆದು ಒಂದು ಬದಿಯ ದವಡೆಹಲ್ಲು ನೋಡಿ, ಮುಂದಿನಿಂದ ಎಣಿಸಿ. ಮೂರನೆಯ ಹಲ್ಲಿಗೆ ಮೂರು ಉಬ್ಬು ಇದ್ದರೆ ಅದು ಹಾಲುಹಲ್ಲು, ಜಿಂಕೆ ಒಂದೂವರೆ ವರ್ಷದ್ದು ಅಥವಾ ಮರಿ. ಒಟ್ಟು 6 ಹಲ್ಲು ಬಂದಿಲ್ಲದಿದ್ದರೆ ಮರಿ. ಹಾಲುಹಲ್ಲು ಬಿದ್ದು ಅಲ್ಲಿ ಎರಡು ಉಬ್ಬಿನ, ಅಕ್ಕಪಕ್ಕದವಕ್ಕಿಂತ ಬೆಳ್ಳಗಿನ ಹೊಸ ಹಲ್ಲು ಈಗಷ್ಟೇ ಮೂಡಿದ್ದರೂ ಒಂದೂವರೆಯೇ. ಮೂರನೆಯದು ಪೂರ್ತಿ ಬಂದು ಸವೆಯಲು ಶುರುವಾಗಿದ್ದರೆ ನಾಲ್ಕನೆಯ ಹಲ್ಲಿಗೆ ಹೋಗಿ, ನಾಲಿಗೆಯ ಕಡೆಯ ಏಣು ನೋಡಿ. ನಡುವಿನ ಕಂದು ಗೆರೆ ಎರಡೂ ಬದಿಯ ಬಿಳಿ ಎನಾಮಲ್‌ಗಿಂತ ಕಿರಿದಾಗಿದ್ದರೆ ಎರಡೂವರೆ, ಅಗಲವಾಗಿದ್ದರೆ ಮೂರೂವರೆ ಅಥವಾ ಹೆಚ್ಚು. ಅದರಾಚೆ ಸವೆತ ನೋಡಿ ವರ್ಷ ಹೇಳುವುದು ನಂಬಿಕೆಗೆ ಅರ್ಹವಲ್ಲ. ಮುಂಭಾಗದ ಬಾಚಿಹಲ್ಲು ಕಿತ್ತು ಪ್ರಯೋಗಾಲಯಕ್ಕೆ ಕಳಿಸಿದರೆ ಬೇರಿನ ಪದರ ಎಣಿಸಿ ಹೇಳುತ್ತಾರೆ.

ದವಡೆ ಒಣಗಿಸಿ ತಂತಿಯಲ್ಲಿ ಚೀಟಿ ಕಟ್ಟಿ: ತಾರೀಕು, ಕರುಳು ತೆಗೆದ ಮೇಲಿನ ತೂಕ, ಪ್ರತಿ ಬದಿಯ ಕವಲು, ಒಳ ಅಂತರ, ಬುಡದ ಸುತ್ತಳತೆ. ಹೆಣ್ಣಾದರೆ ಕೆಚ್ಚಲಲ್ಲಿ ಹಾಲಿತ್ತೇ ಇಲ್ಲವೇ ಎಂಬುದನ್ನೂ ಬರೆಯಿರಿ. ಕೊಂಬಿನ ಅಳತೆಯನ್ನು ಅದೇ ವಯಸ್ಸಿನವುಗಳ ಜೊತೆ ಮಾತ್ರ ಹೋಲಿಸಿ. ಎಲ್ಲ ವಯಸ್ಸನ್ನೂ ಕಲೆಸಿ ಸರಾಸರಿ ತೆಗೆದರೆ, ಏನೂ ಸುಧಾರಿಸದಿದ್ದರೂ ಏರಿದಂತೆ ಕಾಣುತ್ತದೆ. ಒಂದೂವರೆ ವರ್ಷದವುಗಳ ತೂಕವೇ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದ್ದರೆ ಕಾಡಿನಲ್ಲಿ ಮೇವು ಸಾಲುತ್ತಿಲ್ಲ. ಆಗ ಹೆಣ್ಣಿನ ಚೀಟಿ ಹೆಚ್ಚಿಸಿ, ಕೊಂಬಿನ ಅಳತೆಯನ್ನು ಮುಟ್ಟಬೇಡಿ.